ಮೈಗ್ರೇನ್ ಮಾತ್ರೆ ಶುರು ಮಾಡಿದ ಮೇಲೆ ತಲೆಗೆ ಮಂಕು: ಅನುಭವ ಇದ್ದವರು ಹೇಳಿ

ಗೋಣಿಕೊಪ್ಪದ ಶಿಕ್ಷಕಿ:
ನನಗೆ 39. ತಿಂಗಳಿಗೆ ಹತ್ತು ಸಲ ಅರೆತಲೆನೋವು ಬರ್ತಿತ್ತು, ನ್ಯೂರಾಲಜಿಸ್ಟ್ ಟೋಪಿರಮೇಟ್ ಕೊಟ್ಟರು. 25ರಿಂದ ಶುರು, ವಾರವಾರ ಏರಿಸಿ ಈಗ 75 ಮಿಗ್ರಾಂ. ನೋವು ಅರ್ಧಕ್ಕೆ ಇಳಿದಿದೆ. ಆದರೆ ಮೊನ್ನೆ ಏಳನೇ ತರಗತಿಯಲ್ಲಿ ಬೋರ್ಡ್ ಮುಂದೆ ನಿಂತವಳಿಗೆ ‘ಛೇದ’ ಅನ್ನೋ ಪದ ಬಾಯಿಗೆ ಬರಲಿಲ್ಲ. ‘ಕೆಳಗಿನ ಸಂಖ್ಯೆ, ಕೆಳಗಿನ ಸಂಖ್ಯೆ’ ಅಂತಿದ್ದೆ, ಮಕ್ಕಳೇ ಹೇಳಿಕೊಟ್ಟರು. ಬೆರಳ ತುದಿಯೆಲ್ಲ ಜುಮುಜುಮು. ಇದು ಹೋಗುತ್ತಾ, ಹೀಗೇ ಇರುತ್ತಾ?

ಸುಂಟಿಕೊಪ್ಪ, ಎಸ್ಟೇಟ್ ರೈಟರ್:
ಮೇಡಂ, ತೋಟದ ಹಾಜರಿ, ತೂಕದ ಲೆಕ್ಕ ಬರೆಯೋ ಕೆಲಸ ನಂದು. ಅದೇ ಮಾತ್ರೆ ನಾನು ಹದಿನಾಲ್ಕು ತಿಂಗಳು ತಗೊಂಡೆ. 100ಕ್ಕೆ ಹೋದಾಗ ರೋಬಸ್ಟಾ ಕಾಫಿ ಕೊಯ್ಲು ನಡೀತಿತ್ತು. ಬೆಳಿಗ್ಗೆ ಮಳೆ ಮಾಪಕ ನೋಡಿ ಒಳಗೆ ಬರೋಷ್ಟರಲ್ಲಿ 40 ಸೆಂಟೋ 14 ಸೆಂಟೋ (ಇಂಚಿನ ನೂರನೇ ಒಂದು ಪಾಲು ಒಂದು ಸೆಂಟು) ಮರೆತುಹೋಗೋದು, ಮತ್ತೆ ಅಂಗಳಕ್ಕೆ ಹೋದರೆ ನೀರು ಚೆಲ್ಲಿಯಾಗಿರೋದು. ಅದಾದರೂ ಸರಿ. ಒಂದು ಸಂಜೆ ತೂಕ ಹಾಕುವಾಗ ಒಬ್ಬ ಹೆಂಗಸಿನ 82 ಕೆಜಿಯನ್ನ 28 ಅಂತ ಬರೆದೆ. 54 ಕೆಜಿ, ಕೆಜಿಗೆ ಐದರಂತೆ 270 ರೂಪಾಯಿ. ಆಕೆ ಕೇಳಿದಾಗ ನಾನೇ ಜೋರು ಮಾಡಿದೆ. ರಾತ್ರಿ ಪುಸ್ತಕ ತೆಗೆದು ಲೋಡಿನ ಲೆಕ್ಕ ತಾಳೆ ಹಾಕಿದ ಮೇಲೆ ಗೊತ್ತಾಯ್ತು ತಪ್ಪು ನನ್ನದು ಅಂತ.
ಆಮೇಲೆ ಕಿಡ್ನಿ ಕಲ್ಲು. ಈ ಮಾತ್ರೆಗೆ ಕಲ್ಲಾಗಬಹುದು, ನೀರು ಜಾಸ್ತಿ ಕುಡೀಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ. ಸ್ಕ್ಯಾನಿಂಗ್ 1,200, ಎರಡು ದಿನ ಅಡ್ಮಿಟ್ 9,400, ಮೈಸೂರಿಗೆ ಬಾಡಿಗೆ ಕಾರು 3,800. ಡೋಸ್ 50ಕ್ಕೆ ಇಳಿಸಿದ ಮೇಲೆ ಮೂರನೇ ವಾರಕ್ಕೆ ತಲೆ ತಿಳಿಯಾಯ್ತು.

ಸೋಮವಾರಪೇಟೆ:
ಇದೆಲ್ಲ ಅನುಭವಿಸೋದು ಯಾಕೆ? ನನಗೆ ಅರೆತಲೆನೋವಿಗೆ ಪ್ರೊಪ್ರನೊಲಾಲ್ (ಬಿಪಿಗೂ ಕೊಡೋ ಮಾತ್ರೆ) 40 ಮಿಗ್ರಾಂ ದಿನಕ್ಕೆರಡು ಕೊಟ್ಟಿದ್ದರು. ಮನೆ ಹಿಂದಿನ ದಿಣ್ಣೆ ಹತ್ತೋಕೆ ಕಾಲೇ ಏಳ್ತಿರಲಿಲ್ಲ, ಮಾತು ಎಳೆದೆಳೆದು ಬರೋದು. ಒಂದೇ ದಿನಕ್ಕೆ ಬಿಟ್ಟೆ. ಕರಿಮೆಣಸು ಶುಂಠಿ ಕಷಾಯ, ರಾತ್ರಿ ಒಂಬತ್ತಕ್ಕೆ ನಿದ್ದೆ. ನಾಲ್ಕು ವರ್ಷ ಆಯ್ತು, ಒಂದು ಗುಳಿಗೆ ನುಂಗಿಲ್ಲ.

ವಿರಾಜಪೇಟೆ:
ದಯವಿಟ್ಟು ಇಂಥದ್ದು ಬರೀಬೇಡಿ. ನನ್ನ ಅಣ್ಣ ನಿಮ್ಮ ಹಾಗೇ ಪ್ರೊಪ್ರನೊಲಾಲ್ ಒಂದೇ ಸಲ ನಿಲ್ಲಿಸಿದ. ಮೂರನೇ ರಾತ್ರಿ ಎದೆ ಡವಡವ, ಬೆವರು, ಎಡಗೈ ನೋವು. ಜಡಿಮಳೆಯಲ್ಲಿ ಮೈಸೂರಿಗೆ ಕರ್ಕೊಂಡು ಹೋಗೋ ದಾರೀಲಿ ಹುಣಸೂರಿನ ಹತ್ತಿರ ‘ತಂಗಿ, ಮಕ್ಕಳನ್ನ ನೋಡ್ಕೋ’ ಅಂದ. ಬದುಕಿದ, ದೇವರ ದಯೆ. ಬಿಲ್ಲು 1,46,000. ಆ ಮಾತ್ರೆ ಹಂತಹಂತವಾಗಿ ಇಳಿಸಬೇಕು. ಟೋಪಿರಮೇಟೂ ಅಷ್ಟೇ, ತಟ್ಟನೆ ಬಿಟ್ಟರೆ ಫಿಟ್ಸ್ ಬರೋ ಅಪಾಯ ಇದೆ.

ಸೋಮವಾರಪೇಟೆ:
ನಿಮ್ಮ ಅಣ್ಣನಿಗೆ ಮೊದಲೇ ಹಾರ್ಟ್ ತೊಂದರೆ ಇದ್ದಿರಬೇಕು. ನಾನು ನನ್ನ ವಿಷಯ ಹೇಳಿದೆ, ಯಾರಿಗೂ ಬಿಡಿ ಅಂದಿಲ್ಲ.

ವಿರಾಜಪೇಟೆ:
‘ಅನುಭವಿಸೋದು ಯಾಕೆ’ ಅಂದರೆ ಇನ್ನೇನು ಅರ್ಥ? ಇದ್ದಿರಬೇಕು ಅನ್ನೋಕೆ ನೀವು ಅವನ ಇಸಿಜಿ ನೋಡಿದ್ದೀರಾ?

ನಾಪೋಕ್ಲು:
ಜಗಳ ಬೇಡ. ನನ್ನದು ಬೇರೆ ತರ. ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ಕಾಫಿ ಹೂ ಅರಳಿ ತೋಟ ಪೂರ್ತಿ ಬೆಳ್ಳಗಾಗುತ್ತಲ್ಲ, ಎಲ್ಲರೂ ಫೋಟೋ ತೆಗೀತಾರೆ, ನಾನು ಕಿಟಕಿ ಹಾಕಿ ಮಲಗ್ತೀನಿ. ಆ ವಾಸನೆಗೆ ಕಣ್ಣಿನ ಹಿಂದೆ ಮೊಳೆ ಹೊಡೆದ ಹಾಗೆ. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಿ ನುಂಗಿ ಅಭ್ಯಾಸ ಆಯ್ತು. ಹೂ ಉದುರಿ ಕಾಯಿ ಕಟ್ಟಿದರೂ ತಲೆನೋವು ನಿಲ್ಲಲಿಲ್ಲ. ಡಾಕ್ಟರು ಗೋಡೆ ಕ್ಯಾಲೆಂಡರಲ್ಲಿ ಮಾತ್ರೆ ತಗೊಂಡ ದಿನಕ್ಕೆಲ್ಲ ಸುತ್ತು ಹಾಕೋಕೆ ಹೇಳಿದರು. ತಿಂಗಳ ಕೊನೆಗೆ 22 ಸುತ್ತು! ಬರೀ ಪ್ಯಾರಾಸಿಟಮಾಲ್ ಆದರೂ ತಿಂಗಳಿಗೆ 15 ದಿನ ದಾಟಿದರೆ, ಎರಡು ಮೂರು ಔಷಧ ಸೇರಿದ ಮಾತ್ರೆ 10 ದಿನ ದಾಟಿದರೆ, ಮಾತ್ರೆಯೇ ತಲೆನೋವು ತರುತ್ತಂತೆ. ಅವರು ಹೇಳಿದ ಹಾಗೆ ನಿಲ್ಲಿಸಿದೆ. ಮೊದಲ ಹನ್ನೊಂದು ದಿನ ನರಕ. ವಾಂತಿ, ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸೋದು. ಅತ್ತೆ ಒದ್ದೆ ಬಟ್ಟೆ ಹಣೆಗಿಟ್ಟು ಪಕ್ಕದಲ್ಲೇ ಕೂತಿರ್ತಿದ್ದರು. ಈಗ ತಿಂಗಳಿಗೆ ನಾಲ್ಕು ಸುತ್ತು. ಕಾಫಿಯನ್ನೂ ಬಿಟ್ಟೆ, ನೀವೂ ಬಿಡಿ.

ಮಡಿಕೇರಿ:
ಕಾಫಿ ಯಾಕೆ ಬಿಡಬೇಕು? ದಿನಕ್ಕೆ ನಾಲ್ಕು ಲೋಟ ಕುಡಿಯೋರು ಒಮ್ಮೆಲೇ ನಿಲ್ಲಿಸಿದರೆ ಅದಕ್ಕೇ ತಲೆ ಸಿಡಿಯುತ್ತೆ. ಕಡಿಮೆ ಮಾಡಿ, ದಿನಾ ಅದೇ ಹೊತ್ತಿಗೆ ಕುಡೀರಿ ಅಂತಾರೆ ನಮ್ಮ ಡಾಕ್ಟರು. ಬೆಳೆಗಾರರ ಮನೆಯವರೇ ಕಾಫಿ ಬಿಡಿ ಅಂದರೆ ಹೇಗೆ?

ನಾಪೋಕ್ಲು:
ತೋಟದ ಮರ್ಯಾದೆ ಉಳಿಸೋಕೆ ತಲೆನೋವು ಇಟ್ಕೊಳ್ಳೋಕಾಗಲ್ಲ ಸರ್. ಹನ್ನೊಂದು ದಿನ ಮಲಗಿದ್ದು ನಾನು.

ಕುಶಾಲನಗರ:
ಎಲ್ಲರೂ ಮೈಗ್ರೇನ್ ಅಂತೀರಿ. ನಮ್ಮ ಮಾವನವರು ಶುಗರಿಗೆ ಒಂಬತ್ತು ವರ್ಷದಿಂದ ಮೆಟ್‌ಫಾರ್ಮಿನ್ ತಗೊಳ್ತಾರೆ. ಗೇಟಿನ ಬೀಗ ಹಾಕಿ ಬಂದು ಮತ್ತೆ ಹಾಕೋಕೆ ಹೋಗೋದು, ನನ್ನನ್ನ ಅವರ ತಂಗಿಯ ಹೆಸರಲ್ಲಿ ಕರೆಯೋದು. ವಯಸ್ಸಾಯ್ತು ಅಂತ ಸುಮ್ಮನಿದ್ದೆವು. ಆ ಮಾತ್ರೆ ವರ್ಷಗಟ್ಟಲೆ ತಗೊಂಡರೆ ವಿಟಮಿನ್ ಬಿ12 ಇಳಿಯಬಹುದು ಅಂತ ಆಮೇಲೆ ತಿಳೀತು. ಟೆಸ್ಟಿಗೆ 900, ರಿಪೋರ್ಟು 132, ಇರಬೇಕಾದ್ದಕ್ಕಿಂತ ಕಡಿಮೆ. ಇಂಜೆಕ್ಷನ್ ಶುರುವಾಗಿ ಎರಡು ತಿಂಗಳಿಗೆ ಮತ್ತೆ ಪೇಪರ್ ಓದಿ ನಮಗೆ ಸುದ್ದಿ ಹೇಳೋಕೆ ಕೂತರು. ಎರಡು ವರ್ಷ ಅವರನ್ನ ಸುಮ್ಮನೆ ಗದರಿದೆವಲ್ಲ, ಅದೇ ನನಗೆ ಈಗಲೂ ಸಂಕಟ.

ಗೋಣಿಕೊಪ್ಪದ ಶಿಕ್ಷಕಿ:
ಎಲ್ಲರಿಗೂ ಧನ್ಯವಾದ, ಆದರೆ 75ರಲ್ಲಿ ಇರೋಳು ಏನು ಮಾಡಬೇಕು ಅಂತ ಇನ್ನೂ ಸರಿಯಾಗಿ ಗೊತ್ತಾಗಲಿಲ್ಲ.

ವಿರಾಜಪೇಟೆ:
ಅಕ್ಕ, ನಿಲ್ಲಿಸಬೇಡಿ, ಸಹಿಸಿಕೊಂಡೂ ಕೂರಬೇಡಿ. ನಾಳೆನೇ ಡಾಕ್ಟರಿಗೆ ಫೋನ್ ಮಾಡಿ ಆ ‘ಛೇದ’ದ ಕಥೆ ಹಾಗೇ ಹೇಳಿ. ಡೋಸ್ ಇಳಿಸ್ತಾರೆ, ಇಲ್ಲ ಬೇರೆ ಕೊಡ್ತಾರೆ. ಕಣ್ಣು ನೋವು ಬಂದು ದೃಷ್ಟಿ ತಟ್ಟನೆ ಮಸುಕಾದರೆ ಮಾತ್ರ ಫೋನ್ ಅಂತ ಕಾಯದೆ ಆಸ್ಪತ್ರೆಗೆ ಓಡಿ. ಮಗು ಬೇಕು ಅನ್ನೋ ಯೋಚನೆ ಇದ್ದರೆ ಅದನ್ನೂ ಮುಚ್ಚಿಡಬೇಡಿ, ಗರ್ಭಕ್ಕೆ ಈ ಮಾತ್ರೆ ಒಳ್ಳೇದಲ್ಲ.

ಸಿದ್ದಾಪುರ:
ರೈಟರ್ ಸಾರ್, ನಿಮ್ಮ ಕಲ್ಲು, ಕಾರು ಬಾಡಿಗೆ ಎಲ್ಲ ಬರೆದಿರಿ. ಆ ಹೆಂಗಸಿನ 270 ಏನಾಯ್ತು? ನಮ್ಮಮ್ಮ ಇಪ್ಪತ್ತು ವರ್ಷ ತೋಟದ ಕೆಲಸದವರ ಲೈನ್ ಮನೇಲಿದ್ದು ಕಾಫಿ ಕೊಯ್ದವರು, ಅದಕ್ಕೆ ಕೇಳ್ತಿದ್ದೀನಿ.

ಸುಂಟಿಕೊಪ್ಪ, ಎಸ್ಟೇಟ್ ರೈಟರ್:
ಕೇಳಬೇಕಾದ್ದೇ. ಶನಿವಾರದ ಬಟವಾಡೆ ತನಕ ಕಾಯಲಿಲ್ಲ, ಮಾರನೇ ಬೆಳಿಗ್ಗೆ ಹಾಜರಿ ಕೂಗೋ ಮೊದಲು ಎಲ್ಲರ ಎದುರು ತಪ್ಪು ನಂದು ಅಂತ ಹೇಳಿ ನನ್ನ ಕೈಯಿಂದ ಕೊಟ್ಟೆ. ಆವತ್ತಿಂದ ತೂಕ ಬರೆದ ಮೇಲೆ ಗಟ್ಟಿಯಾಗಿ ಓದಿ ಹೇಳ್ತೀನಿ, ಅವರು ಹೂಂ ಅಂದ ಮೇಲೇ ಮುಂದಿನ ಚೀಲ. ಮಾತ್ರೆ ಇಳಿಸಿ ವರ್ಷಗಳಾದರೂ ಅದನ್ನ ಬಿಟ್ಟಿಲ್ಲ.