ಸೀಸರ್ 3: ವೇರ್‌ಹೌಸ್ ತುಂಬ ಮಡಕೆ ಇದ್ದರೂ ಮನೆಗಳು ಇಳಿಯುತ್ತಿವೆ

ಇಟ್ಟಿಗೆಗೂಡು:
ಸೀಸರ್ 3 (ರೋಮನ್ ಊರು ಕಟ್ಟುವ ಕಂಪ್ಯೂಟರ್ ಆಟ) ಆಡುವವರು ಯಾರಾದರೂ ಇದ್ದೀರಾ? ನನ್ನ ಊರಲ್ಲಿ ಮನೆಗಳು ಮೇಲಿನ ಮಟ್ಟಕ್ಕೆ ಏರುತ್ತವೆ, ಸ್ವಲ್ಪ ಹೊತ್ತಿಗೆ ಮತ್ತೆ ಕೆಳಗಿನ ಮಟ್ಟಕ್ಕೆ ಇಳಿಯುತ್ತವೆ. ರೈಟ್ ಕ್ಲಿಕ್ ಮಾಡಿದರೆ ಮಡಕೆ ಬೇಕು ಅನ್ನುತ್ತದೆ. ವೇರ್‌ಹೌಸ್‌ನಲ್ಲಿ ಮಡಕೆ ರಾಶಿ ಬಿದ್ದಿದೆ! ಮನೆ ಇಳಿದಾಗ ಜನ ಊರು ಬಿಡುತ್ತಾರೆ, ಆಮೇಲೆ ಕೆಲಸಕ್ಕೆ ಆಳಿಲ್ಲ. ಇನ್ನೂ ಎರಡು ಮಾರ್ಕೆಟ್ ಕಟ್ಟಿದೆ, ದುಡ್ಡು ದಂಡ ಅಷ್ಟೆ.

ಹಳೇಗೇಮ್ ಹುಚ್ಚ:
ಅಬ್ಬಾ, ಇದನ್ನು ಆಡುವ ಇನ್ನೊಬ್ಬರು ಸಿಕ್ಕಿದರಲ್ಲ! 1998ರ ಆಟ. ನನ್ನ ಗೆಳೆಯರೆಲ್ಲ ಏಜ್ ಆಫ್ ಎಂಪೈರ್ಸ್‌ನಲ್ಲೇ ಬೆಳೆದವರು, ಇದರ ಹೆಸರು ಹೇಳಿದರೆ ಮಿಕಿಮಿಕಿ ನೋಡುತ್ತಾರೆ.

ತಪ್ಪು ಮಡಕೆಯದ್ದಲ್ಲ, ರಸ್ತೆಯದ್ದು. ಮಾರ್ಕೆಟ್‌ನಿಂದ ಇಬ್ಬರು ಹೆಂಗಸರು ಹೊರಡುತ್ತಾರೆ. ಒಬ್ಬಳು ಖರೀದಿಯವಳು. ನೇರ ವೇರ್‌ಹೌಸಿಗೋ ಗ್ರೆನರಿಗೋ (ಕಣಜ) ಹೋಗಿ, ಬುಟ್ಟಿ ಹೊತ್ತ ಹುಡುಗರನ್ನು ಹಿಂದೆ ಕಟ್ಟಿಕೊಂಡು ಬರುತ್ತಾಳೆ. ಇನ್ನೊಬ್ಬಳು ಬೀದಿ ಸುತ್ತಿ ಮಾರುವವಳು. ಅವಳಿಗೆ ಗೊತ್ತುಗುರಿ ಇಲ್ಲ. ಕವಲು ಸಿಕ್ಕಲ್ಲಿ ಯಾವ ಕಡೆಗಾದರೂ ತಿರುಗಿಬಿಡುತ್ತಾಳೆ. ಒಂದೆರಡು ಸುತ್ತು ಅವಳು ಆ ಬೀದಿಗೆ ಬರಲಿಲ್ಲ ಅಂದರೆ ಮನೆಯಲ್ಲಿದ್ದ ಮಡಕೆ ಮುಗಿಯುತ್ತದೆ, ಮನೆ ಇಳಿಯುತ್ತದೆ. ಸುಮ್ನೆ ಅವಳ ಹಿಂದೆಯೇ ಕಣ್ಣಿಟ್ಟು ನೋಡಿ. ಹೊಲದ ದಾರಿ ಹಿಡಿದಿರುತ್ತಾಳೆ, ಬೇಕಾದರೆ ಬಾಜಿ ಕಟ್ಟುತ್ತೇನೆ.

ಮನೆಗಳ ಸುತ್ತ ಕವಲಿಲ್ಲದ ಒಂದೇ ಸುತ್ತು ರಸ್ತೆ ಮಾಡಿ. ಮಾರ್ಕೆಟ್, ಗುಡಿ, ಶಾಲೆ ಎಲ್ಲ ಅದೇ ರಸ್ತೆಗೆ ಅಂಟಿರಲಿ. ಹೊರಗಿನ ರಸ್ತೆ ಬಂದು ಸೇರುವ ಜಾಗದಲ್ಲಿ ಒಂದು ಗೇಟ್‌ಹೌಸ್ ಇಡಿ. ಗೋಡೆ ಬೇಕಿಲ್ಲ. ಸುಮ್ಮನೆ ಸುತ್ತುವವರು ಗೇಟ್ ದಾಟುವುದಿಲ್ಲ, ಕೆಲಸದ ಮೇಲೆ ಹೋಗುವ ಖರೀದಿಯವಳು ದಾಟುತ್ತಾಳೆ. ಸೈನ್ಯ ತಡೆಯೋ ಬಾಗಿಲು ಇಲ್ಲಿ ಟ್ರಾಫಿಕ್ ಪೊಲೀಸ್ ಕೆಲಸ ಮಾಡುತ್ತದೆ!

ಇಟ್ಟಿಗೆಗೂಡು:
ಬಾಜಿ ನೀವೇ ಗೆದ್ದಿರಿ, ಗೋಧಿ ಹೊಲದ ಪಕ್ಕ ಅಡ್ಡಾಡುತ್ತಿದ್ದಳು ಮಹಾತಾಯಿ. ಗೇಟ್ ಇಟ್ಟ ಮೇಲೆ ಮನೆಗಳು ಇಳಿಯದೆ ನಿಂತಿವೆ. ಆದರೆ ಈಗ ಹೊಲಕ್ಕೂ ಮಡಕೆ ಮಾಡುವಲ್ಲಿಗೂ ಆಳು ಸಿಗುತ್ತಿಲ್ಲ. ಊರಲ್ಲಿ ನೋಡಿದರೆ ಜನ ಕೆಲಸ ಇಲ್ಲದೆ ಕೂತಿದ್ದಾರೆ.

ಹಳೇಗೇಮ್ ಹುಚ್ಚ:
ಹೇಳಲು ಮರೆತೆ, ಕ್ಷಮಿಸಿ. ಹೊಲದಿಂದ ಆಳು ಹುಡುಕಿಕೊಂಡು ಬರುವವನೂ ಸುತ್ತುವವನೇ ಅಲ್ವಾ, ಅವನಿಗೂ ಗೇಟ್ ಅಡ್ಡ. ಹೊಲದ ಹತ್ತಿರ ಒಂದೆರಡು ಡೇರೆ ಹಾಕಿ. ಅವನು ಯಾವುದೋ ಒಂದು ಮನೆ ಮುಂದೆ ಹಾದುಹೋದರೆ ಸಾಕು. ಆಳುಗಳ ಲೆಕ್ಕ ಇಡೀ ಊರಿಗೆ ಒಂದೇ, ಆ ಡೇರೆಯವರೇ ಬರಬೇಕು ಅಂತಿಲ್ಲ.

ಈ ತಲೆನೋವೇ ಬೇಡ ಅಂದರೆ ಆಗಸ್ಟಸ್ ಹಾಕಿಕೊಳ್ಳಿ. ಇದೇ ಆಟದ ಹೊಸ ರೂಪ, ಅಭಿಮಾನಿಗಳು ಮಾಡಿದ್ದು, ಪುಕ್ಕಟೆ. ಮೂಲ ಆಟದ ಫೈಲ್‌ಗಳು ಮಾತ್ರ ನಿಮ್ಮ ಹತ್ತಿರ ಇರಬೇಕು. ಅದರಲ್ಲಿ ಸುತ್ತುವವರನ್ನು ತಡೆಯಲೆಂದೇ ರೋಡ್‌ಬ್ಲಾಕ್ ಇದೆ. ನಾನು ಮಾತ್ರ ಗೇಟ್ ಪಕ್ಷ. ಮಾರುವವಳನ್ನು ಬೈದುಕೊಂಡು ಆಡದಿದ್ದರೆ ಮಜಾ ಎಲ್ಲಿ?

ಇಟ್ಟಿಗೆಗೂಡು:
ಡೇರೆ ಹಾಕಿದೆ, ಹೊಲ ಶುರುವಾಯಿತು. ಒಂದು ಡೇರೆಗೆ ಆಗಲೇ ಬೆಂಕಿ ಬಿತ್ತು. ಬೆಂಕಿ ನೋಡಿಕೊಳ್ಳುವ ಕಾವಲುಗಾರ ಪ್ರಿಫೆಕ್ಟ್ ಗೇಟಿನ ಒಳಗೇ ಉಳಿದಿದ್ದ. ಆ ಕಡೆಗೂ ಒಬ್ಬನನ್ನು ಇಡಬೇಕಿತ್ತು, ಅಲ್ವಾ?