ಕ್ಯೂ ಅದ, ಯು ಇಲ್ಲ, ಏನ್ ಮಾಡ್ಲಿ?

ಸಿಂಧನೂರ್ ಮಾಮಾ: ಅಕ್ಕನ ಮಗಳ ಜೋಡಿ ರಾತ್ರಿ ಊಟ ಆದ್ಮ್ಯಾಲೆ ಇಂಗ್ಲಿಷ್ ಅಕ್ಷರದ ಬಿಲ್ಲೆ ಜೋಡ್ಸಿ ವರ್ಡ್ ಮಾಡೋ ಸ್ಕ್ರ್ಯಾಬಲ್ ಆಟ ಆಡ್ತೀನ್ರಿ, ನಿನ್ನೆ ಕೊನೀಗೆ ಕ್ಯೂ ಕೈಯಾಗೇ ಉಳೀತು, 10 ಪಾಯಿಂಟ್ ಹೋತು, ಆಕಿ ನಕ್ಕಿದ್ದೇ ನಕ್ಕಿದ್ದು. ಯು ಇಲ್ದೇ ಕ್ಯೂ ಇರೋ ವರ್ಡ್ ಯಾವ್ಯಾವ ಅದಾವ?

ಕೋಟೆ ಹುಡುಗ: ಮೊದ್ಲು ಕ್ಯೂ-ಐ ಕಲೀರಿ. ಚೀನಾ ಮಂದಿ ಜೀವಶಕ್ತಿಗೆ ಹೇಳೋ ಮಾತು, ಓದೋದು ‘ಚೀ’ ಅಂತ. ಎರಡೇ ಅಕ್ಷರ, 11 ಪಾಯಿಂಟ್.

ರಾಯಚೂರ್ ಅಕ್ಕ: ನಮ್ ಕಡಿಯೋರಿಗೆ ಇದೇನ್ ಕಷ್ಟ ಬಿಡ್ರಿ, ದಿನಾ ಕೇಳೋ ಫಕೀರನ್ನ ಎಫ್-ಎ-ಕ್ಯೂ-ಐ-ಆರ್ ಅಂತ ಇಡ್ರಿ, 17 ಬರ್ತಾವ. ಕೆ ಹಾಕಿ ಬರದ್ರೂ ನಡೀತದ, ಆದ್ರ ಕ್ಯೂ ಖಾಲಿ ಆಗಂಗಿಲ್ಲ ನೋಡ್ರಿ. ನಿಖಾಬ್‌ನಾಗೂ ಕ್ಯೂ ಅದ.

ಸಿಂಧನೂರ್ ಮಾಮಾ: ಫಕೀರ ಹೊಳೀಲೇ ಇಲ್ಲಲ್ರೀ! ಇವತ್ತ್ ರಾತ್ರಿ ಅದ ಆಕೀಗೆ.