ಹುಳ ವಿಷಕ್ಕೆ ‘ಒಗ್ಗಿಕೊಂಡಿತು’ ಅನ್ನಬಹುದೆ? ಬಿಟಿ ಹತ್ತಿ, ಗುಲಾಬಿ ಕಾಯಿಕೊರಕ ಮತ್ತು ನಿಸರ್ಗದ ಆಯ್ಕೆ

ಪ್ರಶ್ನೆ (ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ರಾಯಚೂರು ಜಿಲ್ಲೆ): ಸರ್, ಎನ್‌ಸಿಇಆರ್‌ಟಿ ಹತ್ತನೇ ತರಗತಿ ಪುಸ್ತಕದಿಂದ 2023ರಲ್ಲಿ ವಿಕಾಸದ ಭಾಗ ಹೋಯಿತು, ಮಕ್ಕಳ ಪ್ರಶ್ನೆ ಮಾತ್ರ ಹೋಗಿಲ್ಲ. ‘ಕಣ್ಣಿಗೆ ಕಾಣುವ ಪುರಾವೆ ಕೊಡಿ ಮಿಸ್’ ಅಂತಾರೆ. ಸುತ್ತ ಹತ್ತಿ ಹೊಲಗಳೇ ಇರೋದರಿಂದ ಬಿಟಿ ಹತ್ತಿಯನ್ನೂ (ಹುಳ ಕೊಲ್ಲುವ ವಿಷವನ್ನು ಗಿಡವೇ ತಯಾರಿಸುವಂತೆ ಬ್ಯಾಕ್ಟೀರಿಯಾದ ವಂಶವಾಹಿ ಸೇರಿಸಿದ ಹತ್ತಿ) ತಿನ್ನುವ ಗುಲಾಬಿ ಕಾಯಿಕೊರಕದ ಉದಾಹರಣೆ ಕೊಡಬೇಕು ಅಂತಿದ್ದೀನಿ. ‘ಹುಳ ವಿಷಕ್ಕೆ ಒಗ್ಗಿಕೊಂಡಿದೆ’ ಅಂತ ಹೇಳಿದರೆ ತಪ್ಪಾಗುತ್ತದೆಯೆ?

ಉತ್ತರ (ಕೀಟಶಾಸ್ತ್ರಜ್ಞ): ಉದಾಹರಣೆ ಒಳ್ಳೆಯದು ಮೇಡಂ, ಆ ಮಾತೊಂದನ್ನು ಬಿಡಿ. ಒಗ್ಗಿಕೊಳ್ಳುವುದು ಒಂದು ಜೀವಿ ತನ್ನ ಆಯುಷ್ಯದೊಳಗೆ ಮಾಡುವ ಕೆಲಸ. ಹೊಸದಾಗಿ ಖಾರ ತಿನ್ನುವವರು ನಾಲ್ಕು ದಿನಕ್ಕೆ ಖಾರಕ್ಕೆ ಒಗ್ಗುತ್ತಾರಲ್ಲ, ಹಾಗೆ. ಇಲ್ಲಿ ಯಾವ ಹುಳವೂ ಬದಲಾಗಿಲ್ಲ. ಕೆಲವು ಸತ್ತವು, ಕೆಲವು ಉಳಿದವು. ಉಳಿದವುಗಳ ಮರಿಗಳೇ ಮುಂದಿನ ಹಂಗಾಮಿನಲ್ಲಿ ಹೆಚ್ಚಾದವು. ಬದಲಾಗಿದ್ದು ಹುಳಗಳ ಸಮೂಹ.

ಒಳಗೆ ನಡೆಯುವುದು ಇಷ್ಟು. ಬಿಟಿ ಹತ್ತಿಯಲ್ಲಿರುವ ಕ್ರೈ ಪ್ರೋಟೀನು ಮರಿಹುಳದ ಕ್ಷಾರೀಯ ಕರುಳಿನಲ್ಲಿ ಚುರುಕಾಗಿ, ಕರುಳಿನ ಗೋಡೆಯ ಕ್ಯಾಡ್‌ಹೆರಿನ್ ಎಂಬ ಗ್ರಾಹಕಕ್ಕೆ (ವಿಷ ಬಂದು ಕೂರುವ ಪ್ರೋಟೀನಿಗೆ) ಅಂಟಿಕೊಳ್ಳುತ್ತದೆ. ಆಮೇಲೆ ಗೋಡೆಗೆ ತೂತು ಬಿದ್ದು ಹುಳ ಸಾಯುತ್ತದೆ. ಕ್ಯಾಡ್‌ಹೆರಿನ್ ವಂಶವಾಹಿ ಕೆಟ್ಟಿದ್ದರೆ ವಿಷಕ್ಕೆ ಅಂಟಲು ಜಾಗವಿಲ್ಲ. ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಪ್ರತಿ ಕೆಟ್ಟಿದ್ದರೆ ಹುಳ ಬದುಕುತ್ತದೆ. ಒಂದೇ ಕೆಟ್ಟಿದ್ದರೆ ವಿಷ ಗಟ್ಟಿಯಾಗಿರುವ ಗಿಡದಲ್ಲಿ ಸಾಯುತ್ತದೆ. ಅಂದರೆ ಈ ಗುಣ ದುರ್ಬಲ ಗುಣ. ಇದೊಂದು ಮಾತು ನೆನಪಿರಲಿ, ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ಒಂದು ವಿಷದ (ಕ್ರೈ1ಎಸಿ) ಹತ್ತಿಗೆ ನಮ್ಮಲ್ಲಿ 2002ರಲ್ಲಿ ಅನುಮತಿ ಸಿಕ್ಕಿತು. ಕ್ರೈ2ಎಬಿಯನ್ನೂ ಸೇರಿಸಿದ ಹತ್ತಿ ಬಂದದ್ದು 2006ರಲ್ಲಿ. ಗುಜರಾತಿನ ಅಮ್ರೇಲಿಯಲ್ಲಿ 2008ರಲ್ಲಿ ಹಿಡಿದ ಹುಳಗಳು ಮೊದಲನೆಯ ವಿಷ ತಿಂದೂ ಬದುಕಿದವು. 2015ರ ಹೊತ್ತಿಗೆ ಎರಡನೆಯದೂ ಕೈಕೊಟ್ಟಿತ್ತು.

ಮರುಪ್ರಶ್ನೆ (ಅದೇ ಶಿಕ್ಷಕಿ): ವಿಷ ತಗುಲಿದ್ದರಿಂದಲೇ ವಂಶವಾಹಿ ಕೆಟ್ಟಿರಬಾರದೇಕೆ ಅಂತ ಒಬ್ಬ ಹುಡುಗ ಕೇಳಿದ. ಮೊದಲೇ ಇತ್ತು ಅನ್ನೋದಕ್ಕೆ ಏನು ಸಾಕ್ಷಿ?

ಉತ್ತರ: ಆ ಹುಡುಗನ ಬೆನ್ನು ತಟ್ಟಿ. ಇದನ್ನು ಬಗೆಹರಿಸಿದ ಪ್ರಯೋಗವನ್ನು 1952ರಲ್ಲಿ ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ಬ್ಯಾಕ್ಟೀರಿಯಾಗಳ ಮೇಲೆ ಮಾಡಿದರು. ಔಷಧಿ ಇಲ್ಲದ ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಾಗಳ ಮೇಲೆ ಮಖಮಲ್ ಬಟ್ಟೆ ಒತ್ತಿ, ಅದೇ ಬಟ್ಟೆಯನ್ನು ಸ್ಟ್ರೆಪ್ಟೊಮೈಸಿನ್ ಇರುವ ತಟ್ಟೆಗೆ ರಬ್ಬರ್ ಸ್ಟಾಂಪಿನಂತೆ ಒತ್ತಿದರು. ಔಷಧಿಯಲ್ಲಿ ಬದುಕಿದ್ದು ಎಲ್ಲೋ ಒಂದೆರಡು ಚುಕ್ಕೆ. ಆಮೇಲೆ ಮೂಲ ತಟ್ಟೆಯಲ್ಲಿ ಅದೇ ಜಾಗದ ಬ್ಯಾಕ್ಟೀರಿಯಾಗಳನ್ನು ಎತ್ತಿ ಬೆಳೆಸಿ ಪರೀಕ್ಷಿಸಿದರು. ಔಷಧಿಯ ಮುಖವನ್ನೇ ನೋಡದ ಆ ಬಳಗದಲ್ಲೂ ನಿರೋಧಕತೆ ಇತ್ತು.

ನಮ್ಮ ಹುಳದಲ್ಲೇ ಇನ್ನೊಂದು ಸಾಕ್ಷಿ ಇದೆ. ಭಾರತದ ಹೊಲಗಳಿಂದ ತಂದ ನಿರೋಧಕ ಹುಳಗಳ ಕ್ಯಾಡ್‌ಹೆರಿನ್ ವಂಶವಾಹಿಯನ್ನು ಓದಿ ನೋಡಿದಾಗ ಅದು ಒಂದೇ ರೀತಿ ಕೆಟ್ಟಿರಲಿಲ್ಲ, ಎಂಟು ಬೇರೆ ಬೇರೆ ರೀತಿ ಕೆಟ್ಟಿತ್ತು. ಅಮೆರಿಕದ ಅರಿಜೋನಾದ ಹುಳಗಳಲ್ಲಿ ಕಂಡ ದೋಷಗಳೇ ಬೇರೆ. ವಿಷವೇ ಹೇಳಿ ಮಾಡಿಸಿದ್ದಾದರೆ ಇಷ್ಟು ಅಡ್ಡಾದಿಡ್ಡಿಯಾಗಿ ಯಾಕೆ ಆಗಬೇಕು? ವಿಷವನ್ನು ಕೀಲಿ, ಕ್ಯಾಡ್‌ಹೆರಿನ್ ಅನ್ನು ಬೀಗ ಅಂದುಕೊಳ್ಳಿ. ಆ ಬೀಗ ಎಲ್ಲೆಲ್ಲೋ ಆಕಸ್ಮಿಕವಾಗಿ ಕೆಟ್ಟಿತ್ತು. ಕೆಟ್ಟ ಬೀಗ ಇದ್ದವು ಮಾತ್ರ ಉಳಿದವು.

ಪ್ರಶ್ನೆ (ಹತ್ತಿ ಬೆಳೆಗಾರ, ಹಾವೇರಿ ಜಿಲ್ಲೆ): ಸಾಹೇಬ್ರ, ಬಿಟಿ ಬೀಜದ ಜೋಡಿ 120 ಗ್ರಾಂ ಸಾದಾ ಬೀಜ ಕೊಡತಿದ್ರಲ್ಲ, ಅದನ್ನ ಹಾಕಿದ್ರ ಹುಳ ಹೆಚ್ಚಾಗತೈತಿ ಅಂತ ಯಾರೂ ಹಾಕಲಿಲ್ಲ. ಅದಕ್ಕೂ ಇದಕ್ಕೂ ಏನರ ಸಂಬಂಧ ಐತೇನ್ರಿ?

ಉತ್ತರ: ಬಹಳ ಇದೆ ಅಣ್ಣಾರ. 450 ಗ್ರಾಂ ಬಿಟಿ ಬೀಜದ ಜೊತೆ ಬರುತ್ತಿದ್ದ ಆ 120 ಗ್ರಾಂ ಆಶ್ರಯ ಬೆಳೆಗೆ. ಹೊಲದ ಸುತ್ತ ಐದು ಸಾಲು ಅಥವಾ ಶೇ. 20 ಜಾಗ, ಯಾವುದು ಹೆಚ್ಚೋ ಅಷ್ಟು ಹಾಕಬೇಕಿತ್ತು. ಹುಳಕ್ಕೆ ಬೇಕೆಂದೇ ಬಿಟ್ಟುಕೊಟ್ಟ ಜಾಗ ಅದು. ಲೆಕ್ಕ ನೋಡಿ.

10,000 ಮರಿಹುಳ ಇವೆ, ವಂಶವಾಹಿಯ 100 ಪ್ರತಿಗಳಲ್ಲಿ 1 ಕೆಟ್ಟದ್ದು ಅಂದುಕೊಳ್ಳಿ. ಆಗ ಎರಡೂ ಪ್ರತಿ ಕೆಟ್ಟ ಹುಳ ಕೇವಲ 1. ಒಂದು ಕೆಟ್ಟ, ಒಂದು ಸರಿ ಇರುವ ಮಿಶ್ರ ಹುಳ 198. ಉಳಿದ 9,801 ಸಾದಾ.

ಊರೆಲ್ಲ ಬಿಟಿಯೇ ಇದ್ದರೆ ಬದುಕುವುದು ಆ 1. ಪಕ್ಕದ ಹೊಲಗಳಲ್ಲೂ ಹೀಗೇ ಒಂದೊಂದು ಉಳಿದಿರುತ್ತದೆ. ಪತಂಗಗಳಾಗಿ ಅವೇ ಕೂಡಿದರೆ ಮರಿಗಳೆಲ್ಲ ನಿರೋಧಕ. ಒಂದೇ ಪೀಳಿಗೆಯಲ್ಲಿ ಶೇ. 1 ಇದ್ದದ್ದು ಶೇ. 100.

ಶೇ. 20 ಆಶ್ರಯ ಬೆಳೆ ಇದ್ದರೆ ಅಲ್ಲಿ 2,000 ಹುಳ ಉಳಿಯುತ್ತವೆ. ಬಿಟಿಯಿಂದ ಬಂದ ಆ ಒಂದು ಪತಂಗಕ್ಕೆ ಸಿಗುವ ಜೋಡಿ ಹೆಚ್ಚುಕಡಿಮೆ ಸಾದಾ ಹುಳವೇ. ಮರಿಗಳೆಲ್ಲ ಮಿಶ್ರವಾಗಿ ಬಿಟಿ ಗಿಡದಲ್ಲಿ ಸಾಯುತ್ತವೆ. ಕೆಟ್ಟ ಪ್ರತಿ ಶೇ. 1ರಿಂದ ಸುಮಾರು 1.04ಕ್ಕೆ ಮಾತ್ರ ಏರುತ್ತದೆ. ಆಶ್ರಯ ಶೇ. 5 ಇದ್ದರೆ 1.19.

ಇನ್ನು ಕೆಡುವುದು ಎಲ್ಲಿ ಅಂದರೆ, ಹಂಗಾಮಿನ ಕೊನೆಗೆ ಗಿಡದಲ್ಲಿ ವಿಷ ಇಳಿದು ಮಿಶ್ರ ಹುಳಗಳಲ್ಲಿ ಹತ್ತಕ್ಕೊಂದು ಬದುಕಿತು ಅನ್ನಿ. ಶೇ. 5 ಆಶ್ರಯದಲ್ಲಿ ಅದೇ 1.19 ಹೋಗಿ ಸುಮಾರು 2.95 ಆಗುತ್ತದೆ. ಒಂದೇ ಪೀಳಿಗೆಗೆ ಮೂರು ಪಟ್ಟು! ಈ ಹುಳಕ್ಕೆ ಪೀಳಿಗೆಯೆಂದರೆ ತಿಂಗಳ ಮಾತು.

ಕೆಲವು ಪೊಟ್ಟಣಗಳಲ್ಲಿ ಆಶ್ರಯಕ್ಕೆಂದು ತೊಗರಿ ಬೀಜ ಬರುತ್ತಿತ್ತು. ಅಮೆರಿಕನ್ ಕಾಯಿಕೊರಕ ಎಂಬ ಇನ್ನೊಂದು ಹುಳಕ್ಕೆ ಅದು ಸರಿ, ಆ ಹುಳ ತೊಗರಿ ತಿನ್ನುತ್ತದೆ. ಗುಲಾಬಿ ಕಾಯಿಕೊರಕ ತೊಗರಿ ಮುಟ್ಟುವುದಿಲ್ಲ, ಅದಕ್ಕೆ ಆ ಸಾಲು ಇದ್ದೂ ಇಲ್ಲದಂತೆ.

ಟಿಪ್ಪಣಿ (ಸಸ್ಯ ತಳಿ ವಿಜ್ಞಾನಿ): ಒಂದು ಮಾತು ಸೇರಿಸುತ್ತೇನೆ. ನಮ್ಮಲ್ಲಿ ಬಿಟಿ ಬಂದದ್ದು ಹೈಬ್ರಿಡ್ ಬೀಜವಾಗಿ. ಹೈಬ್ರಿಡ್‌ನ ತಂದೆ-ತಾಯಿ ತಳಿಗಳಲ್ಲಿ ಒಂದರಿಂದ ಮಾತ್ರ ಬರುವುದರಿಂದ, ಎರಡು ಬಿಟಿ ವಂಶವಾಹಿಗಳಲ್ಲಿ ಒಂದೊಂದೂ ಗಿಡದಲ್ಲಿ ಒಂದೇ ಪ್ರತಿ ಇರುತ್ತದೆ. ಹಾಗಾಗಿ ಕಾಯೊಳಗಿನ ಬೀಜಗಳಲ್ಲಿ ಅವು ಬೇರೆ ಬೇರೆಯಾಗಿ ಹಂಚಿಹೋಗುತ್ತವೆ: 16ರಲ್ಲಿ 9ಕ್ಕೆ ಎರಡೂ ವಿಷ, 3ಕ್ಕೆ ಒಂದು, 3ಕ್ಕೆ ಇನ್ನೊಂದು, 1ಕ್ಕೆ ಯಾವುದೂ ಇಲ್ಲ. ಬೀಜದಿಂದ ಬೀಜಕ್ಕೆ ಕೊರೆಯುತ್ತಾ ಹೋಗುವ ಹುಳಕ್ಕೆ ಸಿಗುವುದು ಅರೆಬರೆ ವಿಷ. ಮಿಶ್ರ ಹುಳ ಬದುಕಲು ಇದಕ್ಕಿಂತ ಅನುಕೂಲ ಬೇಕೆ?

ಮರುಪ್ರಶ್ನೆ (ಶಿಕ್ಷಕಿ): ಆಶ್ರಯ ಬೆಳೆಯ ಲೆಕ್ಕ ಕಾಗದದ ಮೇಲಷ್ಟೇ ಸರಿಯೋ, ಎಲ್ಲಾದರೂ ಹೊಲದಲ್ಲೂ ನಿಜವಾಗಿದೆಯೋ?

ಉತ್ತರ: ಆಗಿದೆ. ಅರಿಜೋನಾದಲ್ಲಿ ಬಿಟಿ ಹತ್ತಿ 1996ರಲ್ಲಿ ಬಂತು. 1997ರಲ್ಲಿ ಅಳೆದಾಗ ಕೆಟ್ಟ ಪ್ರತಿಗಳ ಪಾಲು ಶೇ. 16 ಎಂದು ಬಂತು. ಎದೆ ನಡುಗಿಸುವ ಅಂಕಿ. ಆದರೂ ಮುಂದಿನ ವರ್ಷಗಳಲ್ಲಿ ಅದು ಏರಲಿಲ್ಲ, ಯಾಕೆಂದರೆ ಅಲ್ಲಿ ಆಶ್ರಯ ಬೆಳೆ ನಿಜಕ್ಕೂ ಹೊಲದಲ್ಲಿತ್ತು. ನಿರೋಧಕ ಹುಳಗಳಿಗೆ ಸಾದಾ ಹತ್ತಿಯ ಮೇಲೆ ಬಾಳುವುದು, ಚಳಿಗಾಲ ಕಳೆಯುವುದು ಕಷ್ಟವೂ ಆಗಿತ್ತು.

ಚೀನಾದ ಯಾಂಗ್ಟ್ಸೆ ಕಣಿವೆಯದು ಇನ್ನೂ ಚೆಂದ. ಅಲ್ಲಿನ ರೈತರು ಹೈಬ್ರಿಡ್‌ನ ಎರಡನೇ ಪೀಳಿಗೆ ಬೀಜ ಬಿತ್ತತೊಡಗಿದರು. ಅದರಲ್ಲಿ ನಾಲ್ಕಕ್ಕೊಂದು ಗಿಡ ಬಿಟಿ ಅಲ್ಲ. ಯಾರೂ ಹೇಳದೆ ಆಶ್ರಯ ಬೆಳೆ ಹೊಲದೊಳಗೇ ಹುಟ್ಟಿತು. ಅದುವರೆಗೆ ಏರುತ್ತಿದ್ದ ನಿರೋಧಕತೆ ಇಳಿಯಿತು.

ಪ್ರಶ್ನೆ (ಬೇರೊಬ್ಬರು): ಎಷ್ಟಾದರೂ ಅದು ಹುಳವಾಗೇ ಉಳಿಯಿತಲ್ಲ? ಹೊಸ ಪ್ರಾಣಿ ಎಲ್ಲಿ ಆಯಿತು?

ಉತ್ತರ: ಆಗಿಲ್ಲ, ಆಯಿತೆಂದು ನಾನೂ ಹೇಳಿಲ್ಲ. ಇದು ಆಯ್ಕೆ ಹೇಗೆ ಕೆಲಸ ಮಾಡುತ್ತದೆ ಅನ್ನೋದಕ್ಕೆ ಪುರಾವೆ. ಜೀವಿಗಳ ನಡುವಿನ ನಂಟಿಗೆ ಪುರಾವೆಗಳು ಬೇರೆ ಕಡೆ ಇವೆ. ಮೀನಿಗೂ ನಾಲ್ಕು ಕಾಲಿನ ಪ್ರಾಣಿಗೂ ನಡುವಿನ ರೂಪ ಸುಮಾರು 37.5 ಕೋಟಿ ವರ್ಷ ಹಳೆಯ ಬಂಡೆಯಲ್ಲಿ ಇರಬೇಕೆಂದು ಲೆಕ್ಕ ಹಾಕಿ, ಕೆನಡಾದ ಎಲ್ಸ್‌ಮೀರ್ ದ್ವೀಪದಲ್ಲಿ ಹುಡುಕಿ, 2004ರಲ್ಲಿ ಟಿಕ್ಟಾಲಿಕ್ ಪಳೆಯುಳಿಕೆಯನ್ನು ಪತ್ತೆ ಮಾಡಿದರು. ಚಿಂಪಾಂಜಿಗೆ 24 ಜೊತೆ ವರ್ಣತಂತು, ನಮಗೆ 23. ನಮ್ಮ ಎರಡನೇ ವರ್ಣತಂತು ಎರಡು ಕೂಡಿ ಆದದ್ದೆಂದು ನಡುವೆ ಉಳಿದಿರುವ ತುದಿಯ ಗುರುತುಗಳೇ ತೋರಿಸುತ್ತವೆ.

ಪ್ರಶ್ನೆ (ಬೆಳೆಗಾರ): ಅದು ಇರ್ಲಿ ಬಿಡ್ರಿ, ಈಗ ನಾವು ಏನ್ ಮಾಡೋದು?

ಉತ್ತರ: ಎಕರೆಗೆ 2 ಮೋಹಕ ಬಲೆ (ಹೆಣ್ಣಿನ ವಾಸನೆಯಿಂದ ಗಂಡು ಪತಂಗವನ್ನು ಸೆಳೆಯುವ ಬಲೆ), ಗಿಡದ ತುದಿಗಿಂತ ಒಂದು ಅಡಿ ಮೇಲೆ ಕಟ್ಟಿ. ಬಲೆಗೆ ರಾತ್ರಿಗೆ 8 ಪತಂಗದಂತೆ ಸತತ 3 ರಾತ್ರಿ ಬಿದ್ದರೆ ಅಥವಾ ಬೇರೆ ಬೇರೆ ಗಿಡದಿಂದ ಕಿತ್ತ 20 ಹಸಿರು ಕಾಯಿ ಒಡೆದಾಗ 2ರಲ್ಲಿ ಹುಳ ಸಿಕ್ಕರೆ ಮಾತ್ರ ಸಿಂಪಡಿಸಿ. ಹೊರಗಿನಿಂದ ನೋಡಿ ನಂಬಬೇಡಿ, ಹುಳ ಹೊಕ್ಕ ತೂತು ಮುಚ್ಚಿಹೋಗಿರುತ್ತದೆ. ಒಂದೇ ಗುಂಪಿನ ಔಷಧಿ ಪದೇ ಪದೇ ಹೊಡೆದರೆ ಬಿಟಿಗೆ ಆದ ಗತಿಯೇ ಅದಕ್ಕೂ. ಮುಖ್ಯವಾಗಿ, ಡಿಸೆಂಬರ್ ಹೊತ್ತಿಗೆ ಬೆಳೆ ತೆಗೆದುಬಿಡಿ, ಕೂಳೆ ಬಿಡಬೇಡಿ, ಹತ್ತಿ ಕಟಿಗೆಯನ್ನು ಬದುವಿನ ಮೇಲೆ ಬಣವೆ ಹಾಕಬೇಡಿ. ಮುಂದಿನ ಹಂಗಾಮಿನ ಪತಂಗ ಒಣಕಾಯಿಯೊಳಗೇ ಮಲಗಿರುತ್ತದೆ.

ಪ್ರಶ್ನೆ (ಶಿಕ್ಷಕಿ): ತರಗತಿಯಲ್ಲಿ ಕಾಳು ಇಟ್ಟು ತೋರಿಸಬಹುದೆ?

ಉತ್ತರ: ಖಂಡಿತ. ಒಂದೇ ಗಾತ್ರದ 80 ಬಿಳಿ, 20 ಕಪ್ಪು ಕಾಳು ಚೀಲಕ್ಕೆ ಹಾಕಿ. ಬಿಳಿ ಅಂದರೆ ವಂಶವಾಹಿಯ ಸರಿ ಪ್ರತಿ, ಕಪ್ಪು ಅಂದರೆ ಕೆಟ್ಟ ಪ್ರತಿ. ನೋಡದೆ ಎರಡೆರಡು ತೆಗೆದರೆ 50 ಹುಳ. ಮೊದಲ ಸುತ್ತಿನಲ್ಲಿ ಎಲ್ಲವೂ ಬಿಟಿ: ಎರಡೂ ಕಪ್ಪು ಇರುವ ಜೋಡಿ (ಸರಾಸರಿ 2) ಮಾತ್ರ ಉಳಿಯಲಿ. ಎರಡನೆಯದರಲ್ಲಿ ಮೊದಲು ತೆಗೆದ 25 ಜೋಡಿ ಆಶ್ರಯ ಬೆಳೆಗೆ, ಬಣ್ಣ ಯಾವುದಾದರೂ ಉಳಿಯಲಿ. ಉಳಿದ 25ಕ್ಕೆ ಬಿಟಿ ನಿಯಮ. ಕಪ್ಪಿನ ಪಾಲು ಮೊದಲನೆಯದರಲ್ಲಿ ಶೇ. 100, ಎರಡನೆಯದರಲ್ಲಿ ಸುಮಾರು 23 ಬರಬೇಕು. ಕಪ್ಪು ಕಾಳು ದಪ್ಪ ಇದ್ದರೆ ಬೆರಳಿಗೇ ಗೊತ್ತಾಗಿ ಲೆಕ್ಕ ಕೆಡುತ್ತದೆ. ಕೆಲವು ಗುಂಪುಗಳಿಗೆ ಕಪ್ಪು ಜೋಡಿಯೇ ಸಿಗದೆ ಹುಳವೆಲ್ಲ ಸತ್ತುಹೋಗಬಹುದು. ಅದನ್ನು ತಪ್ಪೆಂದು ಹೊಡೆದುಹಾಕಿಸಬೇಡಿ. ಸಣ್ಣ ಸಮೂಹದಲ್ಲಿ ಹೀಗೂ ಆಗುತ್ತದೆಂದು ಹೇಳಿ, ಎಲ್ಲ ಗುಂಪುಗಳ ಕಾಳನ್ನೂ ಒಟ್ಟು ಸೇರಿಸಿ ಎಣಿಸಿ.